ಮುಟ್ಟಬಹುದಾದ ಮ್ಯೂಸಿಯಂ: ಪುಣೆಯಲ್ಲಿ ನಾವು ಮಾಡಿದ ಕೆಲಸ

ಪುಣೆಯ ಹಳೆ ಪೇಟೆಯೊಂದರಲ್ಲಿ, ಎರಡು ಅಂತಸ್ತಿನ ವಾಡೆಯೊಳಗೆ ಒಂದು ಸಣ್ಣ ಖಾಸಗಿ ಮ್ಯೂಸಿಯಂ ಇದೆ. ದೀಪ, ಬೀಗ, ಅಡಕತ್ತರಿ, ಒರಳು, ತಕ್ಕಡಿ, ಅಳತೆಯ ಸೇರು-ಪಾವು, ಬೇಸಾಯದ ಕೆಲವು ಸಲಕರಣೆ. ಹಿಂದಿನವರಿಗೆ ಬೆಳಗಾದರೆ ಕೈಗೆ ಸಿಗುತ್ತಿದ್ದ ಸಾಮಾನೇ ಎಲ್ಲ. ಪ್ರದರ್ಶನ ವಿನ್ಯಾಸ ನನ್ನ ಕಸುಬು. ಊರು ಧಾರವಾಡ, ಹೊಟ್ಟೆಪಾಡು ಪುಣೆ. ಟ್ರಸ್ಟಿನವರು ಕರೆದು, ಕೆಳಗಿನ ಅಂತಸ್ತನ್ನು ಮಕ್ಕಳಿಗಾಗಿ ಹೊಸದಾಗಿ ಮಾಡಿಕೊಡಿ, ಅವರ ಸೃಜನಶೀಲತೆ ಬೆಳೆಯುವ ಹಾಗಿರಲಿ ಅಂದರು. ಮಕ್ಕಳು ಮೊದಲೂ ಬರುತ್ತಿದ್ದರು. ಶಾಲೆಯ ಬಸ್ಸು ಬರುತ್ತಿತ್ತು, ಸಾಲಾಗಿ ಇಳಿದು ಬಂದವರು ಗಾಜಿನ ಮೇಲೆ ನೋಟ್‌ಬುಕ್ ಒತ್ತಿ ಹಿಡಿದು ಲೇಬಲ್ ನಕಲು ಮಾಡಿಕೊಂಡು ಸಾಲಾಗಿಯೇ ಹೋಗುತ್ತಿದ್ದರು. ವಸ್ತುವಿನ ಕಡೆ ಕಣ್ಣು ಹಾಯಿಸಿದವರು ಕಡಿಮೆ.

ಪೆನ್ಸಿಲ್ ಹಿಡಿಯುವ ಮೊದಲು ಸುತ್ತಾಡಿದೆ. ಇಂಥ ಸಂಗ್ರಹಕ್ಕೆ ಪುಣೆಯಲ್ಲಿ ಹಿರಿಯಣ್ಣ ಅಂದರೆ ರಾಜಾ ದಿನಕರ ಕೇಳಕರ ಮ್ಯೂಸಿಯಂ. ದಿನಕರ ಕೇಳಕರರು 1920ರ ಸುಮಾರಿಗೆ ಶುರು ಮಾಡಿದ ಸಂಗ್ರಹವನ್ನು ಮುಂದೆ ಮಹಾರಾಷ್ಟ್ರ ಸರ್ಕಾರಕ್ಕೆ ಒಪ್ಪಿಸಿದರು. ಇವತ್ತು ಅಲ್ಲಿ 20,000ಕ್ಕೂ ಹೆಚ್ಚು ವಸ್ತುಗಳಿವೆ. ಹೆಸರಿನಲ್ಲಿರುವ ರಾಜಾ, ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಅವರ ಮಗ. ಅಲ್ಲಿ ನಾನು ತುಂಬ ಹೊತ್ತು ನಿಂತದ್ದು ಅಡಕತ್ತರಿಗಳ ಮುಂದೆ. ಅಡಿಕೆ ಕತ್ತರಿಸುವ ಒಂದೇ ಕೆಲಸಕ್ಕೆ ಒಬ್ಬ ಕಸುಬುದಾರ ಕುದುರೆ ಮಾಡಿದ್ದಾನೆ, ಇನ್ನೊಬ್ಬ ಹಕ್ಕಿ, ಮತ್ತೊಬ್ಬ ಗಂಡು-ಹೆಣ್ಣು. ಸೃಜನಶೀಲತೆ ಬಗ್ಗೆ ಇದಕ್ಕಿಂತ ಒಳ್ಳೆ ಪಾಠ ಬೇರೆ ಎಲ್ಲಿ ಸಿಗಬೇಕು?

ಆಮೇಲೆ ಮುಂಬಯಿಗೆ ಹೋಗಿ, 1922ರಲ್ಲಿ ಜನರಿಗೆ ತೆರೆದ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯವು ತನ್ನ ಆವರಣದಲ್ಲೇ 2019ರಲ್ಲಿ ಮಾಡಿದ ಮಕ್ಕಳ ಮ್ಯೂಸಿಯಂ ನೋಡಿಬಂದೆ. ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿರುವ ಖಗೋಳ ವಿಜ್ಞಾನದ ಸಂಶೋಧನಾ ಕೇಂದ್ರ ಐಯುಕಾದಲ್ಲಿ ಅರವಿಂದ ಗುಪ್ತಾ ಅವರು ವರ್ಷಗಟ್ಟಲೆ ಸೈಕಲ್ ವಾಲ್ವ್ ಟ್ಯೂಬು, ಬೆಂಕಿಕಡ್ಡಿ, ಹಳೆ ಪತ್ರಿಕೆಗಳಿಂದ ವಿಜ್ಞಾನದ ಆಟಿಕೆ ಮಾಡಿ ತೋರಿಸಿದ್ದು ಈ ಊರಿನಲ್ಲಿ ಎಲ್ಲರಿಗೂ ಗೊತ್ತು. ಆ ದಾರಿ ಕಂಡಿದ್ದರಿಂದ ನನಗೆ ದುಡ್ಡಿನ ಭಯ ಹೋಯಿತು.

ಮೊದಲು ಮಾಡಿದ ಕೆಲಸ, ತೆಗೆದುಹಾಕುವುದು. ಕೆಳಗಿನ ಅಂತಸ್ತಿನಲ್ಲಿ ಆರುನೂರರ ಹತ್ತಿರ ವಸ್ತುಗಳಿದ್ದವು. ನೂರೈವತ್ತು ಸಾಕು ಅಂದೆ. ಟ್ರಸ್ಟಿನ ಹಿರಿಯರೊಬ್ಬರಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಅವರ ತಂದೆ ಮನೆಮನೆ ತಿರುಗಿ ಕೂಡಿಸಿದ ಸಾಮಾನು ಅದು. ಯಾವುದನ್ನೂ ಬಿಸಾಡುವುದಿಲ್ಲ, ಉಗ್ರಾಣದಲ್ಲಿ ಕ್ರಮವಾಗಿ ಇಡುತ್ತೇವೆ, ವರ್ಷಕ್ಕೊಮ್ಮೆ ಸರದಿ ಬದಲಾಗುತ್ತದೆ ಎಂದು ಬರೆದುಕೊಟ್ಟ ಮೇಲೆ ಒಪ್ಪಿದರು.

ಎತ್ತರದ ಲೆಕ್ಕ ಸರಳ. ದೊಡ್ಡವರ ಕಣ್ಣಿಗೆ ಸರಿಹೋಗುವಂತೆ ನೆಲದಿಂದ ಒಂದೂವರೆ ಮೀಟರ್ ಮೇಲೆ ಇಟ್ಟ ವಸ್ತುವಿನ ತಳ ಮಾತ್ರ ಆರು ವರ್ಷದ ಮಗುವಿಗೆ ಕಾಣುತ್ತದೆ. ಆ ಮಗುವಿನ ಕಣ್ಣು ಇರುವುದೇ ಒಂದು ಮೀಟರಿನ ಆಸುಪಾಸು. ಕಪಾಟುಗಳನ್ನು ಇಳಿಸಿದೆವು, ಅಂಚುಗಳನ್ನೆಲ್ಲ ಉರುಟು ಮಾಡಿದೆವು. ಬೆಳಕಿನದು ಸ್ವಲ್ಪ ಬೇರೆ ವಿಷಯ. ಬಟ್ಟೆ, ಕಾಗದದ ಮೇಲೆ 50 ಲಕ್ಸ್‌ಗಿಂತ (ಲಕ್ಸ್ ಅಂದರೆ ಬೆಳಕಿನ ಅಳತೆ) ಹೆಚ್ಚು ಬೆಳಕು ಬೀಳಬಾರದು, ಬಣ್ಣ ಹೋಗುತ್ತದೆ. ಆ ಮಬ್ಬಿನಲ್ಲಿ ಮಕ್ಕಳು ಕೂತು ಕೆಲಸ ಮಾಡುವುದು ಹೇಗೆ? ಅದಕ್ಕೇ ಬಟ್ಟೆ, ಪೋಥಿ (ಹಳೆಯ ಕೈಬರಹದ ಗ್ರಂಥ), ಚಿತ್ರಗಳನ್ನೆಲ್ಲ ಮೇಲಿನ ಅಂತಸ್ತಿಗೆ ಸಾಗಿಸಿ, ಕೆಳಗೆ ಹಿತ್ತಾಳೆ, ಕಬ್ಬಿಣ, ಕಲ್ಲು ಉಳಿಸಿಕೊಂಡೆವು. ಇವಕ್ಕೆ ಬೆಳಕಿನ ಭಯವಿಲ್ಲ. ಕಿಟಕಿ ತೆರೆದೆವು.

ಮುಟ್ಟುವುದರ ಮೇಲೆ ಮಾತ್ರ ಬಹಳ ಜಗ್ಗಾಟವಾಯಿತು. ಬೆವರಿನ ಉಪ್ಪು ಹಿತ್ತಾಳೆಯನ್ನು ಕಪ್ಪು ಮಾಡುತ್ತದೆ, ಕಬ್ಬಿಣಕ್ಕೆ ತುಕ್ಕು ತರುತ್ತದೆ. ಸಂರಕ್ಷಣೆಯವರ ಮಾತು ಸುಳ್ಳಲ್ಲ. ಹಾಗಾಗಿ ರಿಜಿಸ್ಟರಿನಲ್ಲಿರುವ ವಸ್ತುಗಳನ್ನು ಗಾಜಿನೊಳಗೇ ಬಿಟ್ಟು, ಮುಟ್ಟಲಿಕ್ಕೆಂದೇ ಇನ್ನೊಂದು ಸಂಗ್ರಹ ಕೂಡಿಸಿದೆವು. ಮಂಗಳವಾರ ಪೇಟೆಯ ಜುನಾ ಬಜಾರಿನಲ್ಲಿ ಬುಧವಾರ, ಭಾನುವಾರ ಹಳೆ ಬೀಗ, ಹಿತ್ತಾಳೆ ತಂಬಿಗೆ, ತಕ್ಕಡಿಯ ತಟ್ಟೆ ತೂಕದ ಮೇಲೆ ಸಿಗುತ್ತವೆ. ಚೌಕಾಸಿ ಮಾಡುವುದರಲ್ಲಿ ನಾನು ನಮ್ಮ ಅಜ್ಜಿಯ ಮೊಮ್ಮಗಳು. ಬಜೆಟ್ಟಿನಲ್ಲಿ ಉಳಿತಾಯವೇ ಆಯಿತು.

ಹೀಗೆ ತಂದ ಬೀಗಗಳಲ್ಲಿ ಕೆಲವನ್ನು ನಡುವೆ ಕೊಯ್ಯಿಸಿದೆ. 1960ರ ದಶಕದಲ್ಲಿ ಬಾಸ್ಟನ್ನಿನ ಮಕ್ಕಳ ಮ್ಯೂಸಿಯಂನಲ್ಲಿ ನಿರ್ದೇಶಕ ಮೈಕಲ್ ಸ್ಪಾಕ್ ದಿನಬಳಕೆಯ ವಸ್ತುಗಳನ್ನು ಕತ್ತರಿಸಿ ಹೊಟ್ಟೆಯೊಳಗೆ ಏನಿದೆ ಅಂತ ತೋರಿಸಿದ್ದರು, ಉಪಾಯ ಅಲ್ಲಿಯದು. ಅರ್ಧ ಕೊಯ್ದ ಬೀಗಕ್ಕೆ ಕೀಲಿಕೈ ಹಾಕಿ ತಿರುಗಿಸಿದರೆ ಸ್ಪ್ರಿಂಗು ಕುಗ್ಗುವುದು ಕಾಣುತ್ತದೆ. ಪಕ್ಕದಲ್ಲಿ ರಟ್ಟು, ರಬ್ಬರ್ ಬ್ಯಾಂಡು, ಬಿದಿರ ಕಡ್ಡಿ. "ನಿನ್ನ ತಮ್ಮ ತೆಗೆಯಲಾರದ ಬೀಗ ಮಾಡು" ಎಂದು ಮೂರು ಭಾಷೆಯಲ್ಲಿ ಬರೆದಿದ್ದೇವೆ, ಅಷ್ಟೇ. 'ಹಿತ್ತಾಳೆ ಬೀಗ, 19ನೇ ಶತಮಾನ' ಎಂಬ ವಿವರ ಕಪಾಟಿನ ಹಿಂಬದಿಗೆ ಹೋಯಿತು. ಬೇಕಾದವರು ಹೋಗಿ ಓದಲಿ.

ಬಿಡಿ ಸಾಮಾನಿನ ಈ ವಿಚಾರಕ್ಕೆ ಸೈಮನ್ ನಿಕೋಲ್ಸನ್ ಎಂಬ ಬ್ರಿಟಿಷ್ ಕಲಾವಿದ 1971ರಲ್ಲೇ ಒಂದು ಲೇಖನ ಬರೆದಿದ್ದರು: ಒಂದು ಜಾಗದಲ್ಲಿ ಮಕ್ಕಳು ಬದಲಾಯಿಸಬಹುದಾದ ಸಂಗತಿಗಳು ಎಷ್ಟಿವೆಯೋ ಅವರ ಕಲ್ಪನೆ ಅಷ್ಟು ಓಡುತ್ತದೆ ಅಂತ. ನಮ್ಮ ಬಡಗಿ ಅಥಣಿ ಕಡೆಯವರು, ಈ ಲೇಖನ ಓದಿದವರಲ್ಲ. ಮೇಜು ಮಾಡಿಕೊಡಿ ಅಂದರೆ "ಹುಡುಗರಿಗೆ ಮೇಜ ಯಾಕ್ರಿ, ಹಲಗಿ ಮತ್ತ ಗೂಟ ಕೊಡೂಣು, ಅವರs ಮೇಜ ಮಾಡ್ಕೋತಾರ" ಅಂದರು. ಹಾಗೇ ಮಾಡಿದೆವು.

ಈ ಇಡೀ ಕೆಲಸದಲ್ಲಿ ನನಗೆ ತುಂಬ ಕೊಟ್ಟದ್ದು ಉಗ್ರಾಣದ ಒಂದು ಮರದ ಬಟ್ಟಲು. ತಳದಲ್ಲಿ ಮೂರು ತೂತು. ರಿಜಿಸ್ಟರಿನಲ್ಲಿ 'ಬಟ್ಟಲು, ಉಪಯೋಗ ತಿಳಿದಿಲ್ಲ' ಅಂತಿತ್ತು. ಪೇಟೆಯಲ್ಲೇ ಬೆಳೆದ ಯಾರೋ ಬರೆದಿರಬೇಕು. ಕಟ್ಟಡ ಕಾರ್ಮಿಕರ ಮಕ್ಕಳಿಗೆ ಪಾಠ ಹೇಳುವ ಸಂಸ್ಥೆಯೊಂದು ತನ್ನ ಹುಡುಗರನ್ನು ಕರೆತಂದಿತ್ತು. ಅವರಲ್ಲಿ ಹೆಚ್ಚಿನವರು ಯಾದಗಿರಿ, ಕಲಬುರಗಿ ಕಡೆಯವರು. ನಾನು ಕನ್ನಡದಲ್ಲಿ ಮಾತಾಡಿದ್ದೇ ತಡ, ಗೋಡೆಗೆ ಅಂಟಿಕೊಂಡು ನಿಂತವರು ಸುತ್ತ ನೆರೆದರು. ಹದಿಮೂರರ ಒಬ್ಬ ಹುಡುಗಿ ಬಟ್ಟಲನ್ನು ನೋಡಿ ನಕ್ಕಳು. "ಇದು ಕೂರಿಗಿ ಬಟ್ಟಲರೀ ಅಕ್ಕಾ. ನಮ್ಮವ್ವ ಇದರಾಗ ಜ್ವಾಳ ಬಿಡ್ತಾಳ."

ಕೂರಿಗೆ ಅಂದರೆ ಎತ್ತು ಎಳೆಯುವ, ಬೀಜ ಬಿತ್ತುವ ಸಲಕರಣೆ. ಹೇಗೆ ಅಂತ ತೋರಿಸು ಅಂದೆ. ಮೂರು ತೂತಿಗೆ ಮೂರು ಕೊಳವೆ ಬೇಕು ಅಂದಳು, ಪ್ಲಾಸ್ಟಿಕ್ ಪೈಪು ಹುಡುಕಿಕೊಟ್ಟೆವು. ಮುಷ್ಟಿಯಲ್ಲಿ ಜೋಳ ಹಿಡಿದು ಬೆರಳ ಸಂದಿಯಿಂದ ಬಿಡುತ್ತ ಹೋದಳು. ಮೂರು ಕೊಳವೆಗೂ ಕಾಳು ಸಮನಾಗಿ ಹಂಚಿಹೋಯಿತು. ಉಳಿದವರು ಬಿಟ್ಟರೆ ಒಂದರಲ್ಲಿ ರಾಶಿ, ಇನ್ನೊಂದರಲ್ಲಿ ಸೊನ್ನೆ. "ಎತ್ತು ನಡದಂಗ ಕೈ ನಡೀಬೇಕು" ಎಂದು ಅವರಿಗೆಲ್ಲ ಪಾಠ ಹೇಳಿದಳು. ಅದೇ ಮಧ್ಯಾಹ್ನ ಅಲ್ಲಿಗೆ ಬಂದ ಇಂಗ್ಲಿಷ್ ಮೀಡಿಯಂ ಶಾಲೆಯ ಹುಡುಗರು, ಕೈ ಪಳಗದಿದ್ದರೆ ಏನು ಮಾಡಬಹುದು ಎಂದು ತಲೆ ಕೆಡಿಸಿಕೊಂಡರು. ಒಬ್ಬ ರಟ್ಟಿನ ಲಾಳಿಕೆ ಇಟ್ಟ, ಇನ್ನೊಬ್ಬಳು ತಿರುಗುವ ಚಕ್ರಕ್ಕೆ ತೂತು ಕೊರೆದಳು. ಮುಂದಿನ ವಾರಗಳಲ್ಲಿ ಬೇರೆ ಮಕ್ಕಳು ಜೋಳದ ಬದಲು ಬಣ್ಣದ ಮರಳು ಸುರಿದು, ಬಟ್ಟಲನ್ನು ತೂಗುಬಿಟ್ಟು, ನೆಲದ ಮೇಲೆ ರಂಗೋಲಿಯ ಎಳೆ ಬಿಡಿಸಿದರು. ಬಡಗಿಯವರು ಮಾಡಿಕೊಟ್ಟ ನಕಲು ಬಟ್ಟಲುಗಳಲ್ಲಿ ಇದೆಲ್ಲ ನಡೆಯುತ್ತದೆ. ಮೂಲದ್ದು ಗಾಜಿನೊಳಗಿದೆ, ಅದರ ವಿವರ ಆ ಹುಡುಗಿ ಕನ್ನಡದಲ್ಲಿ ಬರೆದದ್ದು. ರಿಜಿಸ್ಟರೂ ತಿದ್ದಿದೆ.

ದಾನಿಯೊಬ್ಬರು ಗೋಡೆ ತುಂಬುವ ಟಚ್ ಸ್ಕ್ರೀನ್ ಕೊಡುತ್ತೇನೆ ಅಂದಿದ್ದರು. ಆ ಹಣವನ್ನು ಇಬ್ಬರು ತರುಣ ಮಾರ್ಗದರ್ಶಿಗಳ ಸಂಬಳಕ್ಕೆ ಕೊಡಿ ಎಂದು ಒಪ್ಪಿಸಲು ಬಹಳ ಚಹಾ ಕುಡಿಯಬೇಕಾಯಿತು. ಕಾವಲಿನ ಕಾಕಾ ಇಪ್ಪತ್ತು ವರ್ಷ "ಹಾತ್ ಲಾವೂ ನಕಾ" (ಮುಟ್ಟಬೇಡಿ) ಎಂದು ಗದರಿದವರು. ಅವರಿಗೆ ಕೊಯ್ದ ಬೀಗಗಳ ಪಕ್ಕ ಒಂದು ಸ್ಟೂಲು ಹಾಕಿಕೊಟ್ಟೆವು. ಈಗ ಬೀಗದ ಪೈಪೋಟಿಗೆ ಅವರೇ ತೀರ್ಪುಗಾರರು. ಶಾಲೆಯವರಿಗೆ ಪ್ರಶ್ನೋತ್ತರದ ಹಾಳೆ ಬೇಕೇ ಬೇಕಿತ್ತು. ಒಂದೇ ಹಾಳೆ ಕೊಟ್ಟೆವು, ಅದೂ ಖಾಲಿ: ಒಂದು ವಸ್ತು ಆರಿಸು, ನಿಮ್ಮ ಮನೆಯ ಯಾವ ಕೆಲಸಕ್ಕೆ ಅದನ್ನು ಹೇಗೆ ಬದಲಾಯಿಸುತ್ತೀ, ಚಿತ್ರ ಬಿಡಿಸು. ಅರವತ್ತು ಮಕ್ಕಳನ್ನು ಒಟ್ಟಿಗೆ ಬಿಡುವುದನ್ನೂ ನಿಲ್ಲಿಸಿದೆವು; ಅರ್ಧ ಜನ ಮೇಲೆ, ಅರ್ಧ ಜನ ಕೆಳಗೆ.

ತಿಂಗಳಿಗೊಮ್ಮೆ ಕಸಬಾ ಪೇಟೆಯ ತಾಂಬಟ ಆಳಿಯಿಂದ ತಾಮ್ರದ ಕುಶಲಕರ್ಮಿಯೊಬ್ಬರು ಬಂದು ಅಂಗಳದಲ್ಲಿ ಕೂರುತ್ತಾರೆ. ಸುತ್ತಿಗೆ ಏಟು ಬಿದ್ದಷ್ಟೂ ತಾಮ್ರ ಗಟ್ಟಿಯಾಗುತ್ತದೆ, ಕೆಂಪಗೆ ಕಾಯಿಸಿದರೆ ಮತ್ತೆ ಮೆತ್ತಗಾಗುತ್ತದೆ. ಹುಡುಗರು ಅದನ್ನು ಕೈಯಾರೆ ಬಡಿದು ತಿಳಿದುಕೊಳ್ಳುತ್ತಾರೆ. ಸದ್ದಿಗೆ ನೆರೆಯವರು ಜಗಳಕ್ಕೆ ಬಂದರು, ಹನ್ನೊಂದರಿಂದ ಒಂದರವರೆಗೆ ಮಾತ್ರ ಎಂದು ರಾಜಿಯಾಗಿದೆ.

ಹದಿನಾಲ್ಕು ದಾಟಿದವರದು ಬೇರೆ ದಾರಿ. ಇವರನ್ನು 'ಮಕ್ಕಳೇ' ಎಂದು ಕರೆದರೆ ಮಾರನೇ ದಿನ ಬರುವುದಿಲ್ಲ. ಬಣ್ಣಬಣ್ಣದ ಗೋಡೆ ಕಂಡರೂ ಹಿಂಜರಿಯುತ್ತಾರೆ. ಅವರಿಗೆ ಉಗ್ರಾಣದ ಬಾಗಿಲು ತೆರೆದೆವು. ಕೈಗವಸು ಹಾಕಿಕೊಂಡು ಒಂದು ವಸ್ತು ಆರಿಸಿ, ಅದರ ಬಗ್ಗೆ ಮನೆಯಲ್ಲಿ, ಬೀದಿಯಲ್ಲಿ ವಿಚಾರಿಸಿ, ಒಂದು ಕಪಾಟನ್ನು ತಾವೇ ಜೋಡಿಸಬೇಕು. ತಪ್ಪು ಮಾಹಿತಿ ಇದ್ದರೆ ಮಾತ್ರ ನಾವು ತಿದ್ದುತ್ತೇವೆ, ರುಚಿಯ ವಿಷಯಕ್ಕೆ ಬಾಯಿ ಹಾಕುವುದಿಲ್ಲ. ಒಂದು ಗುಂಪು ಸೇರು-ಪಾವುಗಳ ಪಕ್ಕ ಹೋಟೆಲಿನ ಪಾರ್ಸೆಲ್ ಡಬ್ಬಿಗಳನ್ನು ಇಟ್ಟಿತು. ನನಗೆ ಅದು ಅಷ್ಟೇನೂ ಹಿಡಿಸಲಿಲ್ಲ, ಆದರೆ ಅದರ ಮುಂದೆ ಜನ ನಿಲ್ಲುತ್ತಾರೆ.

ಇವರ ತಕರಾರು ಒಂದೇ. ಟ್ಯೂಷನ್ ಮುಗಿಸಿ ಬರುವ ಹೊತ್ತಿಗೆ ಬಾಗಿಲು ಹಾಕಿರುತ್ತದೆ. ವಾರಕ್ಕೆರಡು ದಿನ ರಾತ್ರಿ ಎಂಟರವರೆಗೆ ತೆರೆದಿಡಿ ಎಂದು ಅರ್ಜಿ ಬರೆದು, ಎಲ್ಲರೂ ಸಹಿ ಹಾಕಿ ಟ್ರಸ್ಟಿಗೆ ಕೊಟ್ಟಿದ್ದಾರೆ. ವಿದ್ಯುತ್ತಿನ ಬಿಲ್ಲು, ಕಾವಲಿನವರ ಓವರ್‌ಟೈಮಿನ ಲೆಕ್ಕ ನಾನು ಹಾಕಿಕೊಟ್ಟಿದ್ದೇನೆ. ಮುಂದಿನ ಸಭೆಯಲ್ಲಿ ಚರ್ಚೆಗೆ ಬರಲಿದೆ.