ಡೆಡ್‌ಲಿಫ್ಟ್ ಮಾಡುವವರು ಮೊದಲು ಹಿಡಿತ ನೋಡಿಕೊಳ್ಳಿ

ನಮ್ಮ ಬಾಗಲಕೋಟೆ ಕಡೆ ಜೋಳದ ಚೀಲ ಎತ್ತಿ ಬೆಳೆದವರಿಗೆ ಭಾರ ಹೊಸದಲ್ಲ. ಆದರೆ ಚೀಲವನ್ನು ಎದೆಗೆ ಅಪ್ಪಿಕೊಳ್ಳಬಹುದು, ಡೆಡ್‌ಲಿಫ್ಟ್‌ನಲ್ಲಿ, ಅಂದರೆ ನೆಲದ ಮೇಲಿನ ಭಾರದ ರಾಡನ್ನು ನೆಟ್ಟಗೆ ನಿಲ್ಲುವವರೆಗೆ ಎತ್ತುವಾಗ, ಅದು ನಿಲ್ಲುವುದು ಬರೀ ಬೆರಳುಗಳ ಮೇಲೆ.

ಹೊಸಬರು ಎರಡೂ ಅಂಗೈ ತಮ್ಮ ಕಡೆಗೇ ಇರುವಂತೆ ಹಿಡಿಯಿರಿ. ರಾಡನ್ನು ಅಂಗೈ ನಡುವೆ ಇಡಬೇಡಿ, ಬೆರಳ ಬುಡಕ್ಕೆ ಇಡಿ. ನಡುವೆ ಇಟ್ಟರೆ ಎತ್ತುವಾಗ ಕೆಳಗೆ ಜಾರುತ್ತದೆ, ಚರ್ಮ ಮಡಚಿಕೊಂಡು ಗುಳ್ಳೆ ಏಳುತ್ತದೆ. ನನಗೆ ಉಂಗುರದ ಬೆರಳ ಕೆಳಗೆ ಹೀಗೇ ಹರಿದಿತ್ತು. ವಾರವಿಡೀ ರೊಟ್ಟಿ ಮುರಿಯುವಾಗಲೂ ಉರಿ.

ಭಾರ ಜಾಸ್ತಿಯಾಗಿ ಕೈ ಜಾರಿದರೆ ಒಂದು ಅಂಗೈಯನ್ನು ಮುಂದಕ್ಕೆ ತಿರುಗಿಸಿ ಹಿಡಿಯಬಹುದು. ಆಗ ಆ ಮೊಣಕೈ ಪೂರ್ತಿ ನೇರ ಇರಲೇಬೇಕು. ಮಡಚಿ ಎಳೆದರೆ ಬೈಸೆಪ್ಸ್ ಸ್ನಾಯು ಮೊಣಕೈ ಹತ್ತಿರ ಹರಿಯುವ ಅಪಾಯ ಇದೆ. ಸೆಟ್‌ನಿಂದ ಸೆಟ್‌ಗೆ, ಅಂದರೆ ಒಂದೊಂದು ಸುತ್ತಿಗೂ, ತಿರುಗಿಸುವ ಕೈ ಬದಲಿಸಿ. ಹೆಬ್ಬೆರಳನ್ನು ಉಳಿದ ಬೆರಳುಗಳ ಕೆಳಗೆ ಒತ್ತಿ ಹಿಡಿಯುವ ಹುಕ್ ಗ್ರಿಪ್ ಗಟ್ಟಿ, ಆದರೆ ಶುರುವಿನಲ್ಲಿ ನೋಯುತ್ತದೆ. ಕೈಯನ್ನು ರಾಡ್‌ಗೆ ಬಿಗಿಯುವ ಪಟ್ಟಿ, ಅಂದರೆ ಸ್ಟ್ರ್ಯಾಪ್, ಕಟ್ಟಿಕೊಂಡರೂ ತಪ್ಪೇನಿಲ್ಲ.

ನಮ್ಮ ಬೇಸಿಗೆಯಲ್ಲಿ ಅಂಗೈ ಬೆವರುತ್ತದೆ ಅಲ್ವಾ? ಪ್ರತಿ ಸಲ ಒರೆಸಿಕೊಳ್ಳಿ, ಬೆವರು ಹೀರುವ ಬಿಳಿ ಪುಡಿ, ಚಾಕ್, ಇದ್ದರೆ ಹಚ್ಚಿ. ರಾಡ್ ಮೊಣಕಾಲ ಕೆಳಗಿನ ಎಲುಬಿಗೆ ತಾಗುವಷ್ಟು ಹತ್ತಿರ ಇರಲಿ. ಬೆನ್ನು ಬಾಗತೊಡಗಿತೋ, ಅಲ್ಲೇ ಕೆಳಗಿಡಿ, 10 ಕೆಜಿ ಕಡಿಮೆ ಮಾಡಿ ಮತ್ತೆ ಎತ್ತಿ.