ಕುದುರೆ ಸವಾರರ ಬಿಳಿ ಬ್ರೀಚಸ್‌ಗೆ ಅಂಟಿದ ಕೆಮ್ಮಣ್ಣು ತೆಗೆಯುವುದು ಹೇಗೆ?

ಬೆಂಗಳೂರಿನ ಕುದುರೆ ಸವಾರ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದದ್ದು ಈವೆಂಟಿಂಗ್‌ನಲ್ಲಿ. ಡ್ರೆಸಾಜ್ (ಕುದುರೆಯನ್ನು ಲಯಬದ್ಧವಾಗಿ ನಡೆಸಿ ತೋರಿಸುವುದು), ಕ್ರಾಸ್ ಕಂಟ್ರಿ (ಬಯಲಿನಲ್ಲಿ ಅಡೆತಡೆ ದಾಟುತ್ತಾ ಓಡಿಸುವುದು), ಜಂಪಿಂಗ್ ಮೂರನ್ನೂ ಒಂದೇ ಕುದುರೆಯ ಮೇಲೆ ಒಬ್ಬರೇ ಸವಾರರು ಮುಗಿಸಬೇಕಾದ ಸ್ಪರ್ಧೆ ಅದು. ಡ್ರೆಸಾಜ್‌ಗೆ ಬಿಳಿ ಇಲ್ಲವೇ ತೆಳು ಬಣ್ಣದ ಬ್ರೀಚಸ್, ಅಂದರೆ ಸವಾರಿಯ ಬಿಗಿ ಪ್ಯಾಂಟ್, ತೊಡುವುದು ವಾಡಿಕೆ. ಕ್ರಾಸ್ ಕಂಟ್ರಿಯಲ್ಲಿ ನೀರಿನ ಹೊಂಡ ದಾಟಿ ಬಂದವರ ಬಟ್ಟೆಯ ಗತಿ ಹೇಳುವುದೇ ಬೇಡ. ಸವಾರಿ ಕಲಿಯುವ ಮಕ್ಕಳಿರುವ ಮನೆಗಳಲ್ಲಿ ಮಳೆಗಾಲವಿಡೀ ಇದೇ ಪಾಡು.

ಅದರಲ್ಲೂ ನಮ್ಮ ಕೆಮ್ಮಣ್ಣು ಹಟಮಾರಿ. ಅದಕ್ಕೆ ಕೆಂಪು ಬಣ್ಣ ಬಂದಿರುವುದೇ ಕಬ್ಬಿಣದ ಆಕ್ಸೈಡ್‌ನಿಂದ. ಮಣ್ಣು ಹೋದರೂ ಕೇಸರಿ ಛಾಯೆ ಉಳಿಯುವುದು ಈ ಕಾರಣಕ್ಕೆ. ಆದ್ದರಿಂದ ಮಣ್ಣನ್ನು ಮೊದಲು, ಬಣ್ಣವನ್ನು ಆಮೇಲೆ ತೆಗೆಯಬೇಕು.

ಕೆಸರು ಹಸಿಯಾಗಿದ್ದಾಗ ಒರೆಸಬೇಡಿ, ಉಜ್ಜಬೇಡಿ. ಜೇಡಿಮಣ್ಣಿನ ಕಣ 0.002 ಮಿ.ಮೀ.ಗಿಂತ ಸಣ್ಣದು. ಹಸಿಯಲ್ಲಿ ಉಜ್ಜಿದರೆ ಅದು ನೂಲಿನ ಒಳಕ್ಕೇ ಇಳಿಯುತ್ತದೆ. ಗಟ್ಟಿ ಮುದ್ದೆಗಳನ್ನಷ್ಟೇ ಚಮಚದ ಹಿಂಬದಿಯಿಂದ ಎತ್ತಿ, ಬ್ರೀಚಸ್ಸನ್ನು ನೆರಳಿನಲ್ಲಿ ನೇತುಹಾಕಿ. ಪೂರ್ತಿ ಒಣಗಿದ ಮೇಲೆ ಮಂಡಿಯ ಭಾಗವನ್ನು ಎರಡು ಕೈಯಲ್ಲಿ ಹಿಡಿದು ಬಟ್ಟೆಗೆ ಬಟ್ಟೆ ತಿಕ್ಕಿ. ಒಣಮಣ್ಣು ಪುಡಿಪುಡಿಯಾಗಿ ಉದುರುತ್ತದೆ. ಉಳಿದದ್ದನ್ನು ಮೆತ್ತನೆಯ ಬ್ರಷ್‌ನಿಂದ ಕೊಡವಿ. ಈ ಹಂತಕ್ಕೆ ಎಷ್ಟು ತಾಳ್ಮೆ ಕೊಡುತ್ತೀರೋ ಮುಂದಿನ ಕೆಲಸ ಅಷ್ಟು ಹಗುರ.

ಈಗ ಒಳಮೈ ಹೊರಗೆ ಮಾಡಿ, ಕಲೆಯ ಹಿಂಬದಿಗೆ ನಲ್ಲಿಯ ತಣ್ಣೀರು ಬಿಡಿ. ಹೊರಗಿನಿಂದ ಹೊಕ್ಕ ಮಣ್ಣನ್ನು ನೀರು ಅದೇ ದಾರಿಯಲ್ಲಿ ಹೊರಕ್ಕೆ ದೂಡುತ್ತದೆ. ಇಳಿಯುವ ನೀರು ತಿಳಿಯಾಗುವ ತನಕ ಬಿಡಬೇಕು.

ನಂತರ ಕಲೆಯ ಮೇಲೆ ದ್ರವ ಡಿಟರ್ಜೆಂಟ್ ಸವರಿ, ಹಳೆಯ ಟೂತ್‌ಬ್ರಷ್‌ನಿಂದ ಹಗುರವಾಗಿ ತಿಕ್ಕಿ, 15 ನಿಮಿಷ ಬಿಡಿ. ಆಮೇಲೆ ಉಗುರು ಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ. ಲಾಯದ ಕೆಸರಿನಲ್ಲಿ ಲದ್ದಿಯೂ ಬೆವರೂ ಸೇರಿರುವುದರಿಂದ ಎಂಜೈಮ್ ಇರುವ ಡಿಟರ್ಜೆಂಟ್ ಒಳ್ಳೆಯದು. ಕುದಿಯುವ ನೀರು ಬೇಡವೇ ಬೇಡ: ಅದು ಕಲೆಯನ್ನು ಕಚ್ಚಿಸುತ್ತದೆ, ಬ್ರೀಚಸ್ಸಿನಲ್ಲಿರುವ ಹಿಗ್ಗುವ ನೂಲು ಲೈಕ್ರಾವನ್ನೂ ಕೆಡಿಸುತ್ತದೆ.

ಜಾಲಿಸಿದ ಮೇಲೆ, ಒಣಹಾಕುವ ಮೊದಲೇ, ಬೆಳಕಿಗೆ ಹಿಡಿದು ನೋಡಿ. ಕೇಸರಿ ಛಾಯೆ ಕಂಡರೆ ಅದು ಕಬ್ಬಿಣ. ಇನ್ನೆಷ್ಟು ಸೋಪು ಹಾಕಿದರೂ ಹೋಗದು. ಒಂದು ಲೀಟರ್ ಬೆಚ್ಚಗಿನ ನೀರಿಗೆ ಒಂದು ದೊಡ್ಡ ಚಮಚ ಸಿಟ್ರಿಕ್ ಆಸಿಡ್ (ದಿನಸಿ ಅಂಗಡಿಯ ನಿಂಬೆ ಉಪ್ಪು) ಕರಗಿಸಿ, ಮೊದಲು ಒಳಹೊಲಿಗೆಯ ಮೂಲೆಯಲ್ಲಿ ಪರೀಕ್ಷಿಸಿ, ಬಳಿಕ ಕಲೆಯ ಭಾಗವನ್ನಷ್ಟೇ ಅರ್ಧ ಗಂಟೆ ಅದ್ದಿಡಿ. ಚೆನ್ನಾಗಿ ಜಾಲಿಸಿ ಮತ್ತೆ ಒಗೆಯಿರಿ. ಛಾಯೆ ತಿಳಿಯಾಗುತ್ತಾ ಬರುತ್ತದೆ. ಹಳೆಯ ಕಲೆಯಾದರೆ ಒಂದೇ ಸಲಕ್ಕೆ ಹೋಗುವುದಿಲ್ಲ, ಮತ್ತೆ ಮಾಡಬೇಕು. ತುಕ್ಕಿನ ಕಲೆಗೆ ಬಳಸುವ ಆಕ್ಸಾಲಿಕ್ ಆಸಿಡ್ ಇನ್ನೂ ಚುರುಕು, ಆದರೆ ವಿಷ. ಮಕ್ಕಳಿರುವ ಮನೆಗೆ ಅದನ್ನು ತರಬೇಡಿ ಎಂದೇ ನನ್ನ ಸಲಹೆ.

ಬಿಳಿ ಬಟ್ಟೆ ಎಂದ ಕೂಡಲೇ ಬ್ಲೀಚ್‌ನತ್ತ ಕೈ ಹೋಗುತ್ತದಲ್ಲ, ಅದನ್ನು ತಡೆಯಿರಿ. ಕ್ಲೋರಿನ್ ಬ್ಲೀಚ್ ಕಬ್ಬಿಣದ ಕಲೆಯನ್ನು ತೆಗೆಯುವುದಿಲ್ಲ, ಇನ್ನಷ್ಟು ಗಾಢವಾಗಿಸಬಹುದು. ಲೈಕ್ರಾ ಹಳದಿಯಾಗಿ ಬಿಗಿ ಕಳೆದುಕೊಳ್ಳುತ್ತದೆ. ನಿಂಬೆ ಉಪ್ಪಿನ ಜೊತೆ ಬ್ಲೀಚ್ ಬೆರೆತರಂತೂ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ನೀಲಿ ಹಾಕಿಯೂ ಕಲೆ ಮುಚ್ಚಲಾಗದು. ಕೇಸರಿಯ ಮೇಲೆ ನೀಲಿ ಬಿದ್ದರೆ ಬಟ್ಟೆ ಬೂದುಬಣ್ಣಕ್ಕೆ ತಿರುಗುತ್ತದೆ.

ಮಂಡಿ, ಕೂರುವ ಭಾಗಗಳಲ್ಲಿ ಜಾರದಂತೆ ತಡೆಯುವ ಸಿಲಿಕೋನ್ ಹಿಡಿತವಿದ್ದರೆ ಕಂಫರ್ಟ್‌ನಂಥ ಮೃದುಕಾರಕ ಹಾಕಬೇಡಿ, ಅದರ ಮೇಲೆ ಇಸ್ತ್ರಿಯೂ ಬೇಡ. ಚರ್ಮದ ತೇಪೆ ಇದ್ದರೆ ಬಹಳ ಹೊತ್ತು ನೆನೆಸಬಾರದು. ಅರೆಒಣಗಿದಾಗ ಕೈಯಿಂದ ಎಳೆದು ಸಡಿಲಿಸಿ. ಎಲ್ಲವನ್ನೂ ನೆರಳಿನಲ್ಲಿ ಒಣಗಿಸಿ. ತೊಡೆಯ ಒಳಭಾಗದ ಕಂದು ಗುರುತು ಮಣ್ಣಿನದಲ್ಲ, ಕುದುರೆಯ ಜೀನಿನ ಎಣ್ಣೆಯದು. ಅದಕ್ಕೆ ಪಾತ್ರೆ ತೊಳೆಯುವ ದ್ರವ ಸಾಕು.

ಸ್ಪರ್ಧೆಯ ದಿನ ಬ್ರೀಚಸ್ ಮೇಲೊಂದು ಸಡಿಲ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡಿರಿ. ಕಾಲುದ್ದಕ್ಕೂ ಜಿಪ್ ಇರುವಂಥದ್ದಾದರೆ ಬೂಟು ಕಳಚದೆಯೇ ತೆಗೆಯಬಹುದು. ಹುಲ್ಲು ಮೇಯ್ದ ಕುದುರೆ ಹಸಿರು ಜೊಲ್ಲನ್ನು ಸವಾರರ ತೊಡೆಗೇ ಒರೆಸುವುದು ಸಾಮಾನ್ಯವಾಗಿ ಅಂಗಳಕ್ಕೆ ಇಳಿಯುವ ಐದು ನಿಮಿಷ ಮುಂಚೆಯೇ.