ಕಾರ್ಬೈಡ್ ಸುಣ್ಣದ ಹೀರುವ ಶಕ್ತಿ ಇಳಿಯುತ್ತಿದ್ದರೆ

ಬೈಕಂಪಾಡಿ ಕಡೆಯ ಗ್ಯಾಸ್ ವೆಲ್ಡಿಂಗ್ ಶೆಡ್ಡುಗಳು ಬಿಸಾಡುವ ಕಾರ್ಬೈಡ್ ಸುಣ್ಣದಿಂದ (ಕಾರ್ಬೈಡ್‌ಗೆ ನೀರು ಹಾಕಿ ಅಸಿಟಿಲೀನ್ ಅನಿಲ ತೆಗೆದ ಮೇಲೆ ಉಳಿಯುವ ಸುಣ್ಣ) ಕಾರ್ಬನ್ ಡೈಆಕ್ಸೈಡ್ ಹಿಡಿಯುವ ಪುಡಿ ಮಾಡುತ್ತಿದ್ದೆ. ಮೊದಲ ಸಲ ಚೆನ್ನಾಗಿ ಹೀರುತ್ತಿತ್ತು. ಕಾಯಿಸಿ ಅನಿಲ ಬಿಡಿಸಿ ಮತ್ತೆ ಕೊಟ್ಟರೆ ಸುತ್ತಿನಿಂದ ಸುತ್ತಿಗೆ ಇಳಿಕೆ.

ಇನ್ನೂ ನುಣ್ಣಗೆ ಅರೆದೆ, ಹೀರಲು ಹೆಚ್ಚು ಹೊತ್ತು ಕೊಟ್ಟೆ, ಮರುವಾಯಿ (ಕಪ್ಪೆಚಿಪ್ಪು) ಸುಟ್ಟ ಸುಣ್ಣವನ್ನೂ ನೋಡಿದೆ. ಅದೇ ಕಥೆ. ಬಿಸಿಗೆ ಕಣಗಳು ಬೆಸೆದುಕೊಂಡು ರಂಧ್ರ ಮುಚ್ಚುತ್ತವೆ. ನಡುವೆ ಬೇರೆ ಆಸರೆ ಇರಬೇಕು.

ಫಲಿಸಿದ್ದು ಹೀಗೆ, 10 ಗ್ರಾಂ ಪುಡಿಯ ಲೆಕ್ಕದಲ್ಲಿ. 9.5 ಗ್ರಾಂ ಅಲ್ಯೂಮಿನಿಯಂ ನೈಟ್ರೇಟ್ (ನೊನಾಹೈಡ್ರೇಟ್) ನೀರು–ಐಸೊಪ್ರೊಪನಾಲ್ ಮಿಶ್ರಣದಲ್ಲಿ ಕರಗಿಸಿ. ಆಮೇಲೆ, 900 ಡಿಗ್ರಿಯಲ್ಲಿ ಸುಟ್ಟ ಸುಣ್ಣ 8.7 ಗ್ರಾಂ ಸ್ವಲ್ಪಸ್ವಲ್ಪವೇ ಹಾಕಿ. ಒಮ್ಮೆಗೇ ಸುರಿದರೆ ಕುದಿದು ಉಕ್ಕುತ್ತದೆ. 75 ಡಿಗ್ರಿಯಲ್ಲಿ 1 ಗಂಟೆ ಕಲಕಿ, 120ರಲ್ಲಿ ರಾತ್ರಿಯಿಡೀ ಒಣಗಿಸಿ. 500ರಲ್ಲಿ 3 ಗಂಟೆ ಸುಡುವಾಗ ಕಂದು ಹೊಗೆ ಬರುತ್ತದೆ, ಫ್ಯೂಮ್ ಹುಡ್ (ಹೊಗೆ ಹೊರಗೆಳೆಯುವ ಗೂಡು) ಇಲ್ಲದೆ ಕೈಹಾಕಬೇಡಿ.

ಮುಂದಿನದನ್ನು ಬಿಡಲೇಬಾರದು: ಗಟ್ಟಿ ಹೆಂಟೆಯನ್ನು ಅರೆದು, ನೀರು ಸೇರಿಸಿ ಚಪಾತಿ ಹಿಟ್ಟಿನ ಹದಕ್ಕೆ ತಂದು, ಮತ್ತೆ 120ರಲ್ಲಿ ಒಣಗಿಸಿ, 900ರಲ್ಲಿ ಒಂದೂವರೆ ಗಂಟೆ. ಆಗ ಕಾಲು ಭಾಗ ಕ್ಯಾಲ್ಸಿಯಂ ಅಲ್ಯೂಮಿನೇಟ್ ಆಗಿ, ಸುಣ್ಣದ ಕಣಗಳನ್ನು ದೂರ ಇಡುತ್ತದೆ.

ಇದಕ್ಕೆ ಬೆಲೆ ತೆರಬೇಕು. ಶುದ್ಧ ಸುಟ್ಟ ಸುಣ್ಣ ಗ್ರಾಮಿಗೆ ಗರಿಷ್ಠ 0.78 ಗ್ರಾಂ ಕಾರ್ಬನ್ ಡೈಆಕ್ಸೈಡ್ ಹಿಡಿಯಬಲ್ಲದು, ಇದು 0.59. ಆದರೆ ಇಳಿಕೆ ಬಹಳ ನಿಧಾನ. ಹೀರಿಸುವುದು 650ರಲ್ಲಿ, ಬಿಡಿಸುವುದು ನೈಟ್ರೋಜನ್‌ನಲ್ಲಿ 850ಕ್ಕೆ.

ಮಂಗಳೂರಿನ ಮಳೆಗಾಲದಲ್ಲಿ ಪುಡಿ ಡೆಸಿಕೇಟರಿನಲ್ಲೇ (ತೇವ ತಾಗದ ಮುಚ್ಚಿದ ಪಾತ್ರೆ) ಇರಲಿ. ತೆರೆದಿಟ್ಟರೆ ತೇವ ಕುಡಿದು ತೂಕ ಸುಳ್ಳು ಹೇಳುತ್ತದೆ.